ಚಹಾದ ತಗಡಿನ ಕಲಾಯಿ

ಹುಬ್ಬಳ್ಳಿಯ ಕಮರಿಪೇಟೆಯಲ್ಲಿ ಹಾಜರಾಬಿಯನ್ನು ಯಾರೂ ಕಲಾಯಿಗಾರ್ತಿ ಎನ್ನುತ್ತಿರಲಿಲ್ಲ. ಕಲಾಯಿ ಹಾಕುವವನು ಅವಳ ಗಂಡ ಮಲ್ಲಿಕಸಾಬ. ಅವಳು ತಿದಿ ಒತ್ತುವವಳು. ಕೆಲಗೇರಿಯ ಪಿಂಜಾರರ ಮನೆಯಿಂದ ಮದುವೆಯಾಗಿ ಬಂದ ಮರುದಿನವೇ ಅತ್ತೆ ಅವಳನ್ನು ಅಂಗಳದ ಬೆಂಕಿಯ ಕುಳಿಯ ಮುಂದೆ ಕೂರಿಸಿ, ಆಡಿನ ತೊಗಲಿನ ತಿದಿಯನ್ನು ಕೈಗೆ ಕೊಟ್ಟಿದ್ದಳು. ಅಂದಿನಿಂದ ಅವಳ ಆಯುಷ್ಯವೆಲ್ಲ ಆ ಗಾಳಿಯ ಏರಿಳಿತದಲ್ಲೇ ಸಾಗಿತ್ತು. ಬೆಂಕಿ ಹೆಚ್ಚಾದರೆ ತವರ ಸುಟ್ಟು ಹಳದಿಗೆ ತಿರುಗುತ್ತದೆ, ಕಡಿಮೆಯಾದರೆ ಪಾತ್ರೆಯ ಮೈಮೇಲೆ ಗಂಟುಗಂಟಾಗಿ ನಿಲ್ಲುತ್ತದೆ. ಗಂಡ ಬಾಯಿ ಬಿಟ್ಟು ಹೇಳುವ ಮೊದಲೇ ಅವನ ಹುಬ್ಬು ನೋಡಿ ಗಾಳಿ ಬಿಗಿಯುವುದನ್ನೂ ಸಡಿಲಿಸುವುದನ್ನೂ ಅವಳು ಕಲಿತಳು. ಅವನು ಕಾದ ತಪ್ಪೇಲಿಯನ್ನು ಇಕ್ಕಳದಲ್ಲಿ ಹಿಡಿದು, ನವಸಾಗರದ ಪುಡಿ ಉದುರಿಸಿ, ತವರದ ಕಡ್ಡಿಯನ್ನು ತಾಗಿಸಿ, ಹತ್ತಿಯ ಉಂಡೆಯಿಂದ ಒಂದು ಸುತ್ತು ಒರೆಸಿದರೆ ಬಿಳಿಯ ಹೊಗೆಯೊಳಗಿಂದ ಬೆಳ್ಳಿಯಂಥ ಬೆಳಕು ಮೇಲೆದ್ದು ಬರುತ್ತಿತ್ತು. ಎಷ್ಟು ವರ್ಷವಾದರೂ ಆ ಗಳಿಗೆಯಲ್ಲಿ ಹಾಜರಾಬಿಯ ಕಣ್ಣು ಅತ್ತ ಹೊರಳದೆ ಇರುತ್ತಿರಲಿಲ್ಲ.

ಕಲಾಯಿಗಾರರಲ್ಲಿ ಒಂದು ಕಟ್ಟಳೆಯಿತ್ತು. ಒಬ್ಬೊಬ್ಬರಿಗೆ ಒಂದೊಂದು ಓಣಿ. ತಂದೆಯಿಂದ ಮಗನಿಗೆ ಮನೆಗಳು ಇಳಿದು ಬರುತ್ತಿದ್ದವು. ಒಬ್ಬನ ಮನೆಯ ಪಾತ್ರೆಯನ್ನು ಮತ್ತೊಬ್ಬ ಮುಟ್ಟುತ್ತಿರಲಿಲ್ಲ. ಹತ್ತಿ ಪೇಟೆಯ ಹಿಂದಿನ ಮನೆಗಳು, ಗೋಪನಕೊಪ್ಪದ ಒಕ್ಕಲುಮನೆತನಗಳು, ಪೇಟೆಯ ಗುಮಾಸ್ತರು ಉಣ್ಣುವ ಗೌರಕ್ಕನ ಖಾನಾವಳಿ, ಇವೆಲ್ಲ ಮಲ್ಲಿಕಸಾಬನ ಪಾಲಿಗೆ ಬಂದವು. ತಾಮ್ರ, ಹಿತ್ತಾಳೆಯ ಪಾತ್ರೆಯಲ್ಲಿ ಹುಳಿ ಕಿಲುಬಬಾರದೆಂದು ಜನ ಕಲಾಯಿ ಹಾಕಿಸುತ್ತಿದ್ದರು. ಕಲಾಯಿಯಾದ ಪಾತ್ರೆ ಮರಳಿ ಬಂದಾಗ ಗೌರಕ್ಕ ಅದನ್ನು ಬೂದಿ ಹಚ್ಚಿ ತೊಳೆದು, ಅಂಚಿಗೆ ವಿಭೂತಿ ಎಳೆದು ಒಲೆಗೆ ಏರಿಸುವಳು. ಅಷ್ಟಾದರೆ ಮಲ್ಲಿಕಸಾಬನ ಕೈ ತಾಗಿದ ಮೈಲಿಗೆ ಹೋಗಿ ಅವನ ಕೈಗುಣ ಮಾತ್ರ ಪಾತ್ರೆಯಲ್ಲಿ ಉಳಿಯುತ್ತಿತ್ತು.

ತವರ ಕೊಳ್ಳುವಾಗ ಮಲ್ಲಿಕಸಾಬ ಕಡ್ಡಿಯನ್ನು ಕಿವಿಯ ಹತ್ತಿರ ಹಿಡಿದು ಬಾಗಿಸಿ ನೋಡುತ್ತಿದ್ದ. ಅಪ್ಪಟ ತವರವಾದರೆ ಬಾಗುವಾಗ ಸಣ್ಣಗೆ ಕಿರುಗುಟ್ಟುತ್ತದೆ, ಬೆರಕೆಯಾದರೆ ಆ ಸದ್ದು ಬರುವುದಿಲ್ಲ. ಅವನು ಅದಕ್ಕೆ ತವರ ಅಳುವುದು ಎನ್ನುತ್ತಿದ್ದ. ಅಳದ ಕಡ್ಡಿಯನ್ನು ಅಂಗಡಿಕಾರನ ಮುಂದೆಯೇ ತಿರುಗಿ ಇಟ್ಟು ಬರುತ್ತಿದ್ದ.

ಯುದ್ಧ ಮೂಡಣದ ಸಮುದ್ರಕ್ಕೆ ಬಂದ ಮೇಲೆ ತವರ ನಿಂತಿತು. ಅದು ಬರುತ್ತಿದ್ದ ದೇಶ ಜಪಾನಿಯರ ಕೈಸೇರಿದೆಯೆಂದು ಅಂಗಡಿಯಲ್ಲಿ ಹೇಳಿದರು. ಇದ್ದ ತವರವೆಲ್ಲ ಸರ್ಕಾರದ ಕೆಲಸಕ್ಕೆ ಹೋಯಿತು. ಕಲಾಯಿ ಸವೆದ ಪಾತ್ರೆಗಳು ಮನೆಮನೆಯಲ್ಲಿ ಕೆಂಪಾಗಿ ಕೂತವು. ಕೆಲವು ಕಲಾಯಿಗಾರರು ತಿದಿ ಕಟ್ಟಿಟ್ಟು ಗಿರಣಿಗೆ ಹಮಾಲಿಗೆ ಹೋದರು. ಮಲ್ಲಿಕಸಾಬ ಹೋಗಲಿಲ್ಲ. ಹನುಮಪ್ಪ ಎಂಬವನ ಚಹಾದ ಅಂಗಡಿಯ ಹಿಂದೆ ಒಡೆದು ಬಿದ್ದಿದ್ದ ಹಳೆಯ ಚಹಾ ಪೆಟ್ಟಿಗೆಗಳು ಅವನ ಕಣ್ಣಿಗೆ ಬಿದ್ದವು. ಚಹಾದ ಸೊಪ್ಪು ತೇವ ಹಿಡಿಯಬಾರದೆಂದು ಅವುಗಳ ಒಳಗೆ ಬೆಳ್ಳಗಿನ ತೆಳು ತಗಡು ಹೊದಿಸಿರುತ್ತಿದ್ದರು. ಸುಲಿದು ತಂದು ಕರಗಿಸಿದರೆ ಅದು ತವರಕ್ಕಿಂತ ಸಲೀಸಾಗಿ ಹರಿಯಿತು. ಮನೆಯಲ್ಲಿ ಉಳಿದಿದ್ದ ತುಸು ತವರವನ್ನು ಅದರೊಡನೆ ಬೆರೆಸಿದಾಗ ಹೊಳಪು ಮೊದಲಿನಂತೆಯೇ ಬಂತು. ಕಿವಿಯ ಹತ್ತಿರ ಬಾಗಿಸಿ ನೋಡುವ ಹಾಗಿರಲಿಲ್ಲ. ಎಲೆಯಂಥ ತಗಡು ಅಪ್ಪಟವಿದ್ದರೂ ಅಳುವುದಿಲ್ಲವಲ್ಲ.

"ಸಾಹೇಬರ ಪೆಟ್ಟಿಗ್ಯಾಂದು. ಹಲಕಾ ಮಾಲ ಹಾಕಿರೂದಿಲ್ಲ," ಎಂದ ಮಲ್ಲಿಕಸಾಬ.

ಹಾಜರಾಬಿಗೂ ಅದು ಸರಿಯೆನಿಸಿತು. ಈ ಮಾಲಿಗೆ ತಿದಿಯನ್ನು ಅಷ್ಟು ಜೋರಾಗಿ ಒತ್ತಬೇಕಿರಲಿಲ್ಲ. ಅವಳ ಹೆಗಲಿಗೆ ಅಷ್ಟೇ ಆರಾಮು.

ಊರಿನಲ್ಲಿ ಹೊಳೆಯುವ ಪಾತ್ರೆಗಳೆಂದರೆ ಮಲ್ಲಿಕಸಾಬನ ಮನೆಗಳಲ್ಲಿ ಎಂಬ ಮಾತಾಯಿತು. ಇನ್ನೊಂದು ಮಾತೂ ಹುಟ್ಟಿತು: ಅವನು ಕಲಾಯಿ ಹಾಕಿದ ತಪ್ಪೇಲಿಯಲ್ಲಿ ಸಾರು ಹದವಾಗುತ್ತದೆ, ಹುಳಿಯ ಚುರುಕು ತಗ್ಗಿ ನಾಲಿಗೆಗೆ ಸವಿಯಾಗುತ್ತದೆ. ಗೌರಕ್ಕನ ಖಾನಾವಳಿಯಲ್ಲಿ ಇಡೀ ರಾತ್ರಿ ಕಲಾಯಿ ಪಾತ್ರೆಯಲ್ಲಿಟ್ಟ ಮಜ್ಜಿಗೆ ಬೆಳಿಗ್ಗೆಯೂ ಹುಳಿಯೊಡೆಯಲಿಲ್ಲವೆಂದು ಗುಮಾಸ್ತರು ಮೆಚ್ಚಿ ಎರಡೆರಡು ಸಲ ನೀಡಿಸಿಕೊಂಡು ಕುಡಿದರು.

ಹಾಜರಾಬಿಯ ಮಗ ಇಮಾಮಹುಸೇನ ರೈಲ್ವೆ ಕಾರಖಾನೆಯಲ್ಲಿ ಫಿಟರ್. ಅವನ ಹೆಂಡತಿ ನಜ್ಮಾ ಮಾತು ಕಡಿಮೆಯ, ನಗು ಹೆಚ್ಚಿನ ಹುಡುಗಿ. ತಗಡಿನ ಕಲಾಯಿ ಸುರುವಾದ ಮೇಲೆ ಮನೆಗೆ ಬಂದವಳು. ಮದುವೆಯಾದ ಮರುವರ್ಷ ಬಸುರಿಯಾದಳು, ಬಸಿರು ನಿಲ್ಲಲಿಲ್ಲ. ಮುಂದಿನ ವರ್ಷ ಮತ್ತೊಮ್ಮೆ. ಆ ಸಲ ಆರು ತಿಂಗಳು ದಾಟಿತ್ತು, ಕೂಸು ಗಂಡೆಂದು ಗೊತ್ತಾಗುವಷ್ಟು ಬೆಳೆದಿತ್ತು. ಇಮಾಮಹುಸೇನ ಅದನ್ನು ಬಟ್ಟೆಯಲ್ಲಿ ಸುತ್ತಿ ಒಯ್ದು ಮಣ್ಣು ಮಾಡಿ ಬಂದು, ಮಧ್ಯಾಹ್ನದ ಪಾಳಿಗೆ ಹೋದ.

ಮೂರನೆಯ ಸಲ ನಜ್ಮಾ ಬಸುರಿಯಾದಾಗ ಮನೆಯಲ್ಲಿ ಯಾರೂ ಅದನ್ನು ಬಾಯಿ ತುಂಬ ಆಡಲಿಲ್ಲ. ಮಲ್ಲಿಕಸಾಬ ಮಾತ್ರ ಒಂದು ಚಿಕ್ಕ ತಾಮ್ರದ ತಪ್ಪೇಲಿಯನ್ನು ಹುಡುಕಿ ತೆಗೆದು, ತಿಂಗಳು ತಿಂಗಳೂ ಹೊಸದಾಗಿ ಕಲಾಯಿ ಹಾಕಿ ಸೊಸೆಯ ಒಲೆಯ ಪಕ್ಕ ಇಡತೊಡಗಿದ. ಊರವರ ಪಾತ್ರೆಗೆ ಒಂದು ಕೈ ಕಲಾಯಿಯಾದರೆ ಇದಕ್ಕೆ ಎರಡು ಕೈ. ನಜ್ಮಾಳಿಗೆ ಬಯಕೆ ಹುಳಿಯದು. ಹುಣಸೆಹಣ್ಣು ಕಿವುಚಿ, ಬೆಲ್ಲ ಹಾಕದೆ, ಕುದಿಸಿ ಕುಡಿಯುವಳು.

"ಅತ್ತಿ, ಈ ಹುಣಸಿಹಣ್ಣು ಸಪ್ಪಗ ಅದಾವ," ಎಂದಳು ಒಂದು ದಿನ. "ಎಷ್ಟ ಹಾಕಿದ್ರೂ ಹುಳೀನ ಹತ್ತವಲ್ದು."

"ಹಂಗಾರ ಇನ್ನೊಂದ ಹಿಡಿ ಹಾಕ್ಕೋ," ಎಂದಳು ಹಾಜರಾಬಿ. "ಬಯಕಿ ಕಟ್ಟಬಾರದು."

ಅದೇ ಸುಮಾರಿಗೆ ಗೌರಕ್ಕನ ಖಾನಾವಳಿಯಲ್ಲಿ ಉಣ್ಣುವವರಿಗೆ ಹೊಟ್ಟೆ ನೋವು ಸುರುವಾಯಿತು. ಕರುಳು ಹಿಂಡಿದಂಥ ನೋವು, ಮಲಬದ್ಧತೆ, ಕೈಕಾಲಿನಲ್ಲಿ ತ್ರಾಣವಿಲ್ಲ. ದಲಾಲರ ಅಂಗಡಿಯ ಗುಮಾಸ್ತ ಚನ್ನಯ್ಯನಿಗೆ ಲೇಖಣಿ ಹಿಡಿದ ಮುಂಗೈ ಜೋತುಬಿತ್ತು. ಚನ್ನಯ್ಯನ ಅಣ್ಣನ ಮಗ ಶಾಂತಯ್ಯ ಧಾರವಾಡದಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದ. ಅನ್ನದಲ್ಲಿ, ನೀರಿನಲ್ಲಿ, ಮಣ್ಣಿನಲ್ಲಿ ಸೇರಿಕೊಳ್ಳುವ ಲೋಹಗಳನ್ನು ಹುಡುಕುವುದು ಅವನು ತಾನಾಗಿ ಹಚ್ಚಿಕೊಂಡ ಅಭ್ಯಾಸ. ಜೊತೆಯ ಮೇಷ್ಟರುಗಳು ಅದಕ್ಕಾಗಿ ಅವನನ್ನು ಗೇಲಿ ಮಾಡುತ್ತಿದ್ದರು. ಕಾಕಾನನ್ನು ನೋಡಲು ಬಂದವನು ಮೊದಲು ಖಾನಾವಳಿಯ ಬಾವಿಯ ನೀರನ್ನು ಸೀಸೆಯಲ್ಲಿ ತುಂಬಿಕೊಂಡು ಹೋದ. ನೀರಿನಲ್ಲಿ ಏನೂ ಸಿಗಲಿಲ್ಲ. ಆಮೇಲೆ ಗಿರಣಿಯ ಹಿಟ್ಟನ್ನು ಒಯ್ದ. ಅದರಲ್ಲೂ ಇರಲಿಲ್ಲ. ಮೂರನೆಯ ಸಲ ಬಂದಾಗ ಗೌರಕ್ಕ ಅವನ ಮುಂದೆ ಸಾರಿನ ತಪ್ಪೇಲಿಯನ್ನೇ ತಂದು ಕುಕ್ಕಿದಳು.

"ನೀರ ಒಯ್ದಿ, ಹಿಟ್ಟ ಒಯ್ದಿ. ತಗೊ ಅಯ್ಯಾ, ಇದನ್ನೂ ಒಯ್ಯಿ. ನಾಳೆ ನನ್ನ ಒಯ್ಯಾಕ ಬಾ."

ಶಾಂತಯ್ಯ ಆ ತಪ್ಪೇಲಿಯನ್ನು ಕೈಯಲ್ಲಿ ಹಿಡಿದುಕೊಂಡು ಕಮರಿಪೇಟೆಗೆ ಬಂದದ್ದು ಅದಾದ ಮುಂದಿನ ವಾರ, ಹೊತ್ತು ಏರಿದ ಮೇಲೆ. ಅಂಗಳದಲ್ಲಿ ಗೋಪನಕೊಪ್ಪದ ಗೌಡರ ಮನೆಯ ಹಂಡೆ, ಕೊಪ್ಪರಿಗೆಗಳು ರಾಶಿಯಾಗಿದ್ದವು. ಅವರ ಮನೆಯಲ್ಲಿ ಮದುವೆಯಿತ್ತು. ಮಲ್ಲಿಕಸಾಬ ಚಾಪೆ ಹಾಸಿದ.

"ಕೂಡ್ರಿ ಅಯ್ಯಾರ. ಕಲಾಯಿ ಹೋಗೇತೇನು?"

"ಹೋಗಿಲ್ಲ. ಇದು ನಿಮ್ಮ ಕೈಯಾಂದ ಹೌದಲ್ರಿ?"

ಮಲ್ಲಿಕಸಾಬ ಒಳಗೆ ಬೆರಳಾಡಿಸಿದ. "ನಂದ. ನೋಡ್ರಿ ಹೆಂಗೈತಿ. ಗಡ್ಡಾ ಹೆರಿಸ್ಕೊಳ್ಳಾಕ ಕನ್ನಡಿ ಬ್ಯಾಡ."

"ಇದರಾಗ ಸೀಸ ಐತಿ. ಅದು ಹೊಟ್ಟಿಗೆ ಹೋದ್ರ ವಿಷ. ಖಾನಾವಳಿ ಮಂದಿ ಮಲಗಿದ್ದು ಅದಕ್ಕ."

ಮಲ್ಲಿಕಸಾಬ ಸಿಟ್ಟಾಗಲಿಲ್ಲ. ದೊಡ್ಡವರ ಮಗ ಏನೋ ತಪ್ಪು ತಿಳಿದಿದ್ದಾನೆ ಎಂಬಂತೆ ಸಮಾಧಾನದಿಂದ ಹೇಳಿದ. "ಸೀಸ ಅಂದ್ರ ಬಂದೂಕಿನ ಗುಂಡಿಂದಲ್ರಿ? ಅದು ಕಪ್ಪ ಇರತೈತಿ. ಇದು ಚಹಾದ ತಗಡು. ಚಹಾ ಸಾಹೇಬರು ಕುಡೀತಾರ, ಮಡಮ್ಮಗೋಳು ಕುಡೀತಾರ. ವಿಷ ಇದ್ರ ತಮ್ಮ ಪೆಟ್ಟಿಗ್ಯಾಗ ತಾವ ಹಾಕ್ಕೋತಿದ್ರೇನು?"

"ಪೆಟ್ಟಿಗ್ಯಾಗ ಇರೂದು ಒಣಾ ಚಹಾ. ಒಣಾ ಪದಾರ್ಥಕ್ಕ ಅದು ಏನೂ ಮಾಡೂದಿಲ್ಲ. ಹುಳಿ ಬಿದ್ರ ಕರಗತೈತಿ. ಕರಗಿದ ಸೀಸ ಸಿಹಿ ಇರತೈತ್ರಿ, ಅದಕ್ಕ ಸಾರು ಹದ ಆಗೇತಿ ಅನಸತೈತಿ."

ತಿದಿಯ ಹತ್ತಿರ ಕೂತಿದ್ದ ಹಾಜರಾಬಿಯ ಕೈ ನಿಂತಿತು. ಅವಳು ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಕೇಳಿದಳು. "ಬಸುರಿ ಹೆಂಗಸರಿಗೆ ಏನಾಗತೈತ್ರಿ ಅಯ್ಯಾರ, ಅದರಿಂದ?"

ಪುಸ್ತಕದಲ್ಲಿ ಓದಿದ್ದನ್ನು ಒಂದು ಮನೆಯ ಅಂಗಳದಲ್ಲಿ ಹೇಳುವುದು ಶಾಂತಯ್ಯನಿಗೆ ರೂಢಿಯಿರಲಿಲ್ಲ. "ಪರದೇಶದಾಗ ಸೀಸದ ಕಾರಖಾನ್ಯಾಗ ದುಡಿಯೋ ಹೆಂಗಸರು ಇದ್ರು," ಎಂದ. "ಅವರಿಗೆ ಬಸಿರು ನಿಲ್ತಿರಲಿಲ್ಲ ಅಂತ ಬರದಾರ."

ಮಲ್ಲಿಕಸಾಬ ಎದ್ದು ನಿಂತ. "ಅಯ್ಯಾರ, ನೀವು ಕಲತವ್ರು, ಕೂಡ್ರಿ, ನೀರ ಕುಡೀರಿ. ಆದ್ರ ಮನ್ಯಾಗ ಹೆಂಗಸರ ಮುಂದ ಅಂಥಾ ಮಾತು ತಗೀಬ್ಯಾಡ್ರಿ."

"ಕೇಳಿದಾಕಿ ನಾನು," ಎಂದಳು ಹಾಜರಾಬಿ.

ಸೀಸ ಮೈಗೆ ಏರಿದವರ ವಸಡಿನ ಅಂಚಿಗೆ ನೀಲಿ ಗೆರೆ ಮೂಡುತ್ತದೆಂದು ಶಾಂತಯ್ಯ ಹೇಳಿದ. ಚನ್ನಯ್ಯನ ಬಾಯಲ್ಲಿ ಅದನ್ನು ಅವನು ಕಂಡಿದ್ದ. ಪರಗಂಡಸು ಒಳಗೆ ಹೋಗಿ ನಜ್ಮಾಳ ಬಾಯಿ ನೋಡುವಂತಿರಲಿಲ್ಲ, ಹಾಜರಾಬಿಯೇ ಹೋದಳು. ಕಿಟಕಿಯ ಬೆಳಕಿಗೆ ಸೊಸೆಯ ಮುಖ ತಿರುಗಿಸಿ ತುಟಿ ಎತ್ತಿ ನೋಡಿದಳು. ಓಣಿಯ ಎಲ್ಲ ಮುತ್ತೈದೆಯರಂತೆ ನಜ್ಮಾ ಹಲ್ಲಿಗೆ ಮಿಸ್ಸಿ ತಿಕ್ಕುತ್ತಿದ್ದಳು. ಆ ಕಪ್ಪು ಪುಡಿ ಗಂಡ ಕೊಡಿಸಿದ್ದು, ಚೆಲುವಿಗೆ ಹಚ್ಚಿಕೊಂಡದ್ದು. ವಸಡೆಲ್ಲ ಅದರ ಬಣ್ಣಕ್ಕೆ ತಿರುಗಿತ್ತು. ಯಾವುದು ಮಿಸ್ಸಿಯ ಕಪ್ಪು, ಯಾವುದು ಸೀಸದ ನೀಲಿ ಎಂದು ತಿಳಿಯುವ ಬಗೆಯಿರಲಿಲ್ಲ.

"ಏನ ನೋಡಾಕತ್ತೀರಿ ಅತ್ತಿ? ಕುದರಿ ಹಲ್ಲ ನೋಡಿದಂಗ," ಎಂದು ನಜ್ಮಾ ನಕ್ಕಳು.

ಹಾಜರಾಬಿ ಒಲೆಯ ಪಕ್ಕದ ಚಿಕ್ಕ ತಪ್ಪೇಲಿಯನ್ನು ಎತ್ತಿಕೊಂಡು ಹೊರಗೆ ಬಂದು ಶಾಂತಯ್ಯನ ಮುಂದಿಟ್ಟಳು. "ಇದನ್ನ ನೋಡ್ರಿ."

ಅವನು ಚೀಲದಿಂದ ಹುಳಿ ಸಿರ್ಕಾದ ಸೀಸೆ ತೆಗೆದು ತಪ್ಪೇಲಿಗೆ ಸುರಿದ. ಕುಳಿಯ ಕೆಂಡದ ಮೇಲೆ ಅದನ್ನು ಬೆಚ್ಚಗೆ ಮಾಡಿದರು. ಅದರಿಂದ ಸ್ವಲ್ಪವನ್ನು ಗಾಜಿನ ನಳಿಗೆಗೆ ಬಗ್ಗಿಸಿಕೊಂಡು, ಇನ್ನೊಂದು ಸೀಸೆಯ ಬಣ್ಣವಿಲ್ಲದ ನೀರನ್ನು ಕೆಲವು ಹನಿ ಹಾಕಿದ. ಎರಡೂ ತಿಳಿಯಾಗಿದ್ದವು, ಕೂಡಿದ ಕೂಡಲೇ ಅರಿಸಿನದಂತೆ ಹಳದಿಯಾದವು. ನಳಿಗೆಯನ್ನು ಕೆಂಡಕ್ಕೆ ಹಿಡಿದಾಗ ಹಳದಿ ಕರಗಿ ಹೋಯಿತು. ಆರಲು ಬಿಟ್ಟಾಗ ನಳಿಗೆಯೊಳಗೆ ಬಂಗಾರದ ಚೂರುಗಳು ಒಂದೊಂದಾಗಿ ಹುಟ್ಟಿ, ಬಿಸಿಲಿಗೆ ಮಿನುಗುತ್ತ ನಿಧಾನವಾಗಿ ಕೆಳಗಿಳಿದವು. ನೋಡಲು ಚೆಲುವಾಗಿತ್ತು.

"ಈ ಹಳದಿ ಸೀಸದ್ದು. ಗೌರಕ್ಕನ ತಪ್ಪೇಲ್ಯಾಗ ಇದರ ಅರ್ಧಾನೂ ಬಂದಿರಲಿಲ್ಲ," ಎಂದ ಶಾಂತಯ್ಯ.

ಎರಡು ಕೈ ಕಲಾಯಿ ಅದು.

ಶಾಂತಯ್ಯ ಹೋದ ಮೇಲೆ ಮಲ್ಲಿಕಸಾಬ ಆ ದಿನ ಕೆಲಸಕ್ಕೆ ಕೂರಲಿಲ್ಲ. ಮರುದಿನ ಬೆಳಿಗ್ಗೆ ಎಂದಿನಂತೆ ಕುಳಿಗೆ ಇದ್ದಿಲು ತುಂಬಿ, ಬೆಂಕಿ ಹೊತ್ತಿಸಿ, ಗೌಡರ ಕೊಪ್ಪರಿಗೆಯನ್ನು ಮಗ್ಗುಲಾಗಿ ಇಟ್ಟುಕೊಂಡು ಕೂಗಿದ. ಹಾಜರಾಬಿ ಬಂದು ತನ್ನ ಜಾಗದಲ್ಲಿ ಕೂತಳು. ತಿದಿಗೆ ಕೈ ಹಚ್ಚಲಿಲ್ಲ.

"ಒತ್ತು."

"ಒತ್ತೂದಿಲ್ಲ."

"ಕೈಗೆ ಏನಾಗೇತಿ?"

"ಕೈಗೇನೂ ಆಗಿಲ್ಲ."

"ಗೌಡರ ಮನಿ ಮದವಿ ಮುಂದ ಐತಿ. ಈ ಸಾಮಾನು ಹಂಗ ತಿರುಗಿ ಹೋದ್ರ ಆ ಮನಿ ಹೋತು. ಅಪ್ಪಾ ಅಜ್ಜಾ ಹಿಡಕೊಂಡ ಬಂದ ಮನಿ ಅದು."

"ಹೋಗಲಿ."

ಮಲ್ಲಿಕಸಾಬ ತಾನೇ ತಿದಿ ಒತ್ತಿದ. ಕೊಪ್ಪರಿಗೆ ಕಾದಾಗ ತಿದಿ ಬಿಟ್ಟು ಇಕ್ಕಳ ಹಿಡಿದ. ಅಷ್ಟರಲ್ಲಿ ಬೆಂಕಿ ಇಳಿಯಿತು. ಮತ್ತೆ ಒತ್ತಿದ, ಮತ್ತೆ ಬಿಟ್ಟ. ಕರಗಿದ ತಗಡು ಕೊಪ್ಪರಿಗೆಯ ತಳದಲ್ಲಿ ಗಂಟುಗಂಟಾಗಿ ನಿಂತಿತು. ಅಷ್ಟು ವರ್ಷದಲ್ಲಿ ಅವನ ಕೈಯಿಂದ ಅಂಥ ಕಲಾಯಿ ಆಗಿದ್ದಿಲ್ಲ. ಎದುರುಮನೆಯ ಶಹಜಹಾನಬೇಗಂ ಬಾಗಿಲಲ್ಲಿ ನಿಂತು ನೋಡಿ, "ಏನ ಮಲ್ಲಿಕಭಾಯಿ, ಇವತ್ತ ಕಲಾಯಿ ಹಾಕಾಕತ್ತೀರೋ, ಭಜಿ ಕರ್ಯಾಕತ್ತೀರೋ?" ಎಂದಳು. ಅವನು ಗಂಟುಗಳನ್ನು ಹತ್ತಿಯ ಉಂಡೆಯಿಂದ ಒರೆಸುತ್ತಲೇ ಇದ್ದ.

ಆಕೆ ಒಳಗೆ ಹೋದ ಮೇಲೆ ಮೆಲ್ಲಗೆ ಕೇಳಿದ. "ಆ ಹುಡುಗಿ ಎರಡ ಸಲ ಕಳಕೊಂಡದ್ದು ನನ್ನ ಕೈಲೆ ಅಂತೀಯೇನು?"

"ನಾ ಹಂಗ ಅಂದಿಲ್ಲ. ತಿದಿ ಒತ್ತೂದಿಲ್ಲ ಅಂದೆ, ಅಷ್ಟ. ಮೂರನೇದು ಒಳಗ ಐತಿ."

ಮಲ್ಲಿಕಸಾಬ ಇಕ್ಕಳವನ್ನು ನೆಲಕ್ಕೆ ಇಟ್ಟ. ಕುಳಿಗೆ ನೀರು ಹಾಕಿದ. ನಜ್ಮಾಳ ತಪ್ಪೇಲಿಯನ್ನು ತರಿಸಿಕೊಂಡು, ತಾಮ್ರದ ಕೆಂಪು ಕಾಣುವ ತನಕ ತಾನೇ ಉಜ್ಜಿ ಕೆರೆದ. ಕೆರೆದ ಪುಡಿಯನ್ನು ಎಲ್ಲಿ ಚೆಲ್ಲಬೇಕೆಂದು ತಿಳಿಯದೆ ಕಾಗದದಲ್ಲಿ ಕಟ್ಟಿ ಗೋಡೆಯ ಮಾಡದಲ್ಲಿಟ್ಟ. ಹಾಜರಾಬಿ ಕುಂಬಾರರ ಓಣಿಗೆ ಹೋಗಿ ಹೊಸ ಗಡಿಗೆಗಳನ್ನು ತಂದಳು. ಹುಣಸೆಯ ನೀರು ಅವುಗಳಲ್ಲಿ ಕುದಿಯಿತು. ಮೊದಲ ಗುಟುಕಿಗೆ ನಜ್ಮಾ ಕಣ್ಣು ಕಿರಿದು ಮಾಡಿ, "ಯಪ್ಪಾ, ಎಷ್ಟ ಹುಳಿ," ಎಂದಳು.

ಆಮೇಲಿನ ದಿನಗಳು ಮನೆಮನೆ ತಿರುಗುವುದರಲ್ಲಿ ಕಳೆದವು. ಹಾಕಿದ ಕಲಾಯಿಯನ್ನು ತೆಗೆಯಲು ಬಂದಿದ್ದೇನೆ ಎಂದು ಕಲಾಯಿಗಾರ ಬಾಗಿಲಲ್ಲಿ ನಿಂತದ್ದನ್ನು ಹುಬ್ಬಳ್ಳಿ ಅದಕ್ಕೆ ಮೊದಲು ಕಂಡಿರಲಿಲ್ಲ. ಹಾಜರಾಬಿ ಜೊತೆಗಿರುತ್ತಿದ್ದಳು, ಏಕೆಂದರೆ ಅಡಿಗೆಮನೆಯ ಮಾತು ಹೆಂಗಸರೊಡನೆ ಆಡಬೇಕಾದದ್ದು. ಶಾಂತಯ್ಯ ರಜೆಯ ದಿನ ಬಂದು ಕೂಡಿಕೊಂಡು, ಮನೆಮನೆಯ ಕೆರೆದ ಪುಡಿಯನ್ನು ಸಣ್ಣ ಸೀಸೆಗಳಲ್ಲಿ ತುಂಬಿಕೊಳ್ಳುವನು. ಬೇನೆ ಬಿದ್ದ ಮನೆಗಳೆಲ್ಲ ಒಂದೇ ಕೈಯ ಕಲಾಯಿಯವು ಎಂಬುದು ಅವನ ಅಭ್ಯಾಸಕ್ಕೆ ದೊಡ್ಡ ಅನುಕೂಲವಾಗಿತ್ತು. ಅದನ್ನು ಅವನು ಮಲ್ಲಿಕಸಾಬನ ಮುಂದೆ ಹೇಳಲಿಲ್ಲ. ಕೆಲವು ಮನೆಗಳಲ್ಲಿ ಅದೇ ಕಲಾಯಿಯಿದ್ದೂ ಯಾರಿಗೂ ಏನೂ ಆಗಿರಲಿಲ್ಲ. ಅವರು ಸಾರನ್ನು ಗಡಿಗೆಯಲ್ಲೇ ಕುದಿಸುವವರು. ಕೆಲವರು ಹೊಳಪು ಕಳೆದುಕೊಳ್ಳಲು ಒಪ್ಪದೆ ಬಾಗಿಲು ಹಾಕಿಕೊಂಡರು. ಗೋಪನಕೊಪ್ಪದ ಗೌಡರು ಕೊಪ್ಪರಿಗೆಗಳನ್ನು ಗಾಡಿಯಲ್ಲಿ ಹೇರಿಸಿಕೊಂಡು ಹೋದರು, ಮತ್ತೆ ಕಳಿಸಲಿಲ್ಲ.

ಗೌರಕ್ಕ ಎಲ್ಲವನ್ನೂ ಕೇಳಿ, ಸೊಂಟಕ್ಕೆ ಕೈಯಿಟ್ಟುಕೊಂಡು ನಿಂತಳು.

"ಗಡಿಗ್ಯಾಗ ಇಷ್ಟು ಮಂದಿಗೆ ಸಾರ ಮಾಡೂದು ಹೆಂಗ? ದಿನಾ ಒಂದ ಒಡೀತಾವ."

"ಒಡದ್ರ ನಾ ಹೊತ್ತು ತಂದ ಕೊಡತೇನಿ ಅಕ್ಕಾ," ಎಂದಳು ಹಾಜರಾಬಿ.

"ನಿನ್ನ ಗಂಡನ ಕಲಾಯಿಕಿಂತ ಅದ ಛಲೋ ಬಿಡು. ಒಡದ್ರ ಗಡಿಗಿ ಅಷ್ಟ ಒಡೀತೈತಿ, ಮಂದಿ ಉಳೀತಾರ." ಅಷ್ಟು ಹೇಳಿದ ಮೇಲೆ ಗೌರಕ್ಕ ಒಳಗೆ ಹೋಗಿ, ಎಲ್ಲ ತಪ್ಪೇಲಿಗಳನ್ನೂ ತಂದು ಮಲ್ಲಿಕಸಾಬನ ಮುಂದಿಟ್ಟಳು. ಅವನು ಕೆರೆಯತೊಡಗಿದಾಗ ಮಾತು ಬದಲಿಸಿ ಕೇಳಿದಳು. "ಸೊಸಿಗೆ ಎಷ್ಟರಾಗ ಐತಿ?"

"ಐದರಾಗ," ಎಂದಳು ಹಾಜರಾಬಿ.

ಗೌರಕ್ಕ ಮುಂದಿನ ತಪ್ಪೇಲಿಯನ್ನು ಮಲ್ಲಿಕಸಾಬನತ್ತ ಸರಿಸಿದಳು.

ಐದು ದಾಟಿತು. ಹಿಂದಿನ ಸಲ ಕೈಬಿಟ್ಟ ತಿಂಗಳು ಬಂದಾಗ ಹಾಜರಾಬಿ ಸೊಸೆಯನ್ನು ಬಾವಿಗೆ ಕಳಿಸಲಿಲ್ಲ, ಬಗ್ಗಿ ಕಸ ಹೊಡೆಯಲು ಬಿಡಲಿಲ್ಲ. ಇವುಗಳಿಂದ ಏನಾದರೂ ಆಗುತ್ತದೆಂಬ ನಂಬಿಕೆ ಅವಳಿಗೆ ಉಳಿದಿರಲಿಲ್ಲ. ಆದರೂ ಮಾಡಿದಳು. ಮಲ್ಲಿಕಸಾಬ ಹತ್ತಿ ಗಿರಣಿಯಲ್ಲಿ ಕಾವಲಿಗೆ ಸೇರಿಕೊಂಡಿದ್ದ. ಮನೆಗೆ ಬಂದವನು ಸೊಸೆಯ ಕಡೆ ನೇರ ನೋಡುತ್ತಿರಲಿಲ್ಲ, ಹೆಂಡತಿಯ ಮುಖ ನೋಡುತ್ತಿದ್ದ. ಅಲ್ಲಿ ಬದಲಾವಣೆ ಕಾಣದಿದ್ದರೆ ಕೈಕಾಲು ತೊಳೆಯಲು ಹೋಗುತ್ತಿದ್ದ.

ಚಳಿ ಮುಗಿಯುವ ಹೊತ್ತಿಗೆ ನಜ್ಮಾ ಹೆಣ್ಣು ಹಡೆದಳು. ಕೂಸು ಸಣ್ಣದು, ಬಣ್ಣ ತುಸು ಹಳದಿ. ಸೂಲಗಿತ್ತಿ ಅದನ್ನು ಕಾಲು ಹಿಡಿದು ಎತ್ತಿ ಬೆನ್ನು ತಟ್ಟಿದಳು. ಸ್ವಲ್ಪ ತಡೆದು ಅತ್ತಿತು. ಹಾಜರಾಬಿ ಹೊರಗೆ ಬಂದು ಗಂಡನಿಗೂ ಮಗನಿಗೂ "ಐತಿ" ಎಂದಷ್ಟೇ ಹೇಳಿ ಬಿಸಿನೀರಿಗೆ ತಿರುಗಿ ಹೋದಳು.

ಬಾಣಂತನದ ನಲವತ್ತು ದಿನ ಕಳೆದ ಮೇಲೆ ಶಾಂತಯ್ಯ ಒಂದು ದಿನ ಬಂದ. ಚನ್ನಯ್ಯನ ಕೈ ಸ್ವಲ್ಪ ಏಳುತ್ತಿದೆ, ಲೇಖಣಿ ಹಿಡಿಯುವಷ್ಟಿಲ್ಲ ಎಂದ. ತಾನು ಕಂಡದ್ದನ್ನೆಲ್ಲ ಬರೆದು ಮುಂಬಯಿಯ ಸರ್ಕಾರಕ್ಕೆ ಕಳಿಸಿದ್ದೇನೆ, ಅಲ್ಲಿಂದ ಇನ್ನೂ ಉತ್ತರವಿಲ್ಲ ಎಂದ. ಒಳಗಿನಿಂದ ಕೂಸಿನ ದನಿ ಕೇಳಿದಾಗ ಮಾತು ನಿಲ್ಲಿಸಿ ಆಲಿಸಿದ.

"ಗಡಿಗಿ ಬದಲು ಮಾಡಿದ್ದಕ್ಕ ಉಳೀತೇನ್ರಿ?" ಎಂದ ಮಲ್ಲಿಕಸಾಬ.

"ಒಂದ ಕೂಸಿನ ಮ್ಯಾಲೆ ಹೇಳಾಕ ಬರೂದಿಲ್ಲ. ಇರಬಹುದು."

ಮಲ್ಲಿಕಸಾಬ ಚಾಪೆಯ ಅಂಚಿನ ಎಳೆಯೊಂದನ್ನು ಎಳೆಯುತ್ತ ಕೂತ. ಅವನು ಕೇಳಬೇಕೆಂದಿದ್ದದ್ದು ಅದಲ್ಲವೆಂದು ಹಾಜರಾಬಿಗೆ ಗೊತ್ತಿತ್ತು. ಕೊನೆಗೆ ಅವನು ಕೇಳಿದ.

"ಹಿಂದಿನ ಎರಡು?"

ಶಾಂತಯ್ಯ ಬಾಯಿ ತೆರೆದ. ತಿಳಿದದ್ದನ್ನು ತಿಳಿದಷ್ಟೇ ಹೇಳುವ ಮನುಷ್ಯ. ಈಗಲೂ ಹೇಳಿಬಿಡುವನೆಂದು ಕಂಡು ಹಾಜರಾಬಿ ನಡುವೆ ಬಂದಳು.

"ಅವರಿಗೇನ ಗೊತ್ತಾಗಬೇಕ್ರಿ ಅದು? ಆವಾಗ ಕುದಿಸಿದ ನೀರು ಈಗ ಎಲ್ಲೈತಿ, ನಳಿಗ್ಯಾಗ ಹಾಕಿ ನೋಡಾಕ?"

ಶಾಂತಯ್ಯ ಅವಳ ಕಡೆ ನೋಡಿದ. ಆಮೇಲೆ, "ಹೌದು, ಅದಕ್ಕ ಪರೀಕ್ಷಾ ಇಲ್ಲ," ಎಂದ.

ಮಲ್ಲಿಕಸಾಬ ಅದನ್ನು ನಂಬಿದನೋ ಇಲ್ಲವೋ. ಗಿರಣಿಯ ಹೊತ್ತಾಯಿತೆಂದು ಎದ್ದು, ಟೊಪ್ಪಿಗೆ ಹಾಕಿಕೊಂಡು ಹೋದ. ಹಾಜರಾಬಿ ಒಳಗೆ ಹೋಗಿ, ನಜ್ಮಾ ಉಣ್ಣುವ ತನಕ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಳು.